ತಿಳಿದ ಮೇಲೂ ಉಳಿಯುವ ಬೆರಗು

ಗೊತ್ತಿಲ್ಲದಿರುವವರೆಗೆ ಬೆರಗು, ಗೊತ್ತಾದ ಮೇಲೆ ಮಾಮೂಲು. ಹೀಗೊಂದು ನಂಬಿಕೆ ನಮ್ಮೊಳಗೆ ಗಟ್ಟಿಯಾಗಿ ಕೂತುಬಿಟ್ಟಿದೆ. ಕಾಮನಬಿಲ್ಲು ಮೂಡುವುದು ಯಾಕೆಂದು ಪಾಠದಲ್ಲಿ ಓದಿದ ದಿನವೇ ಅದರ ಸೊಗಸು ಹೋಯಿತು ಎಂದು ಕೊರಗುವವರಿದ್ದಾರೆ. ಮಗು ಕಣ್ಣರಳಿಸಿ ನೋಡುವುದನ್ನು ದೊಡ್ಡವರು ನೋಡಲಾರರು, ತಿಳಿವಳಿಕೆ ಬಂದಷ್ಟೂ ವಿಸ್ಮಯ ಹಿಂದೆ ಸರಿಯುತ್ತದೆ ಎಂಬ ಮಾತನ್ನು ಎಷ್ಟೋ ಸಲ ಕೇಳಿದ್ದೇವೆ. ಈ ಮಾತನ್ನು ಒಪ್ಪದ ಒಂದು ಕೂಟವನ್ನು ನಾನು ಹತ್ತಿರದಿಂದ ಬಲ್ಲೆ. ಅವರು ಕವಿಗಳಲ್ಲ, ವಿಜ್ಞಾನಿಗಳೂ ಅಲ್ಲ. ಇಂಗ್ಲೆಂಡಿನಲ್ಲಿ ಹಳೆಯ ಮಾರಿಸ್ ಮೈನರ್ ಕಾರುಗಳನ್ನು ಸಾಕಿಕೊಂಡು, ಬೇಸಿಗೆಯ ವಾರಾಂತ್ಯಗಳಲ್ಲಿ ಯಾವುದಾದರೂ ಹುಲ್ಲುಗಾವಲಿನಲ್ಲಿ ಡೇರೆ ಹಾಕಿ ಸೇರುವ ಜನ. ತಮ್ಮ ಗಾಡಿಯ ಒಂದೊಂದು ಬೋಲ್ಟೂ ಅವರಿಗೆ ಗೊತ್ತು. ಆದರೂ ಬೆಳಿಗ್ಗೆ ಅದು ಸ್ಟಾರ್ಟ್ ಆದಾಗ ಅವರ ಮುಖ ಅರಳುತ್ತದೆ.

ಮಾರಿಸ್ ಮೈನರ್ ಅಪರೂಪದ ಕಾರೇನಲ್ಲ. ರಾಜಮಹಾರಾಜರು ಏರಿದ ಕಾರೂ ಅಲ್ಲ. 1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಮೊದಲು ಜನರ ಕಣ್ಣಿಗೆ ಬಿತ್ತು. ಆಕ್ಸ್‌ಫರ್ಡ್ ಪಕ್ಕದ ಕೌಲಿಯ ಕಾರ್ಖಾನೆಯಲ್ಲಿ ತಯಾರಾಗತೊಡಗಿ, 1970ರ ದಶಕದ ಆರಂಭದ ಹೊತ್ತಿಗೆ ಒಟ್ಟು 16 ಲಕ್ಷದಷ್ಟು ಗಾಡಿಗಳು ರಸ್ತೆಗೆ ಬಂದಿದ್ದವು. ಹತ್ತು ಲಕ್ಷದ ಗಡಿ ಮುಟ್ಟಿದ ಮೊದಲ ಬ್ರಿಟಿಷ್ ಕಾರು ಇದೇ. ಆ ಸಂಭ್ರಮಕ್ಕೆಂದು ನಸುನೇರಳೆ ಬಣ್ಣದಲ್ಲಿ 350 ಕಾರುಗಳನ್ನು ಮಾಡಿದ್ದರು. ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಬಾಣಂತಿಯರನ್ನು ನೋಡಿಕೊಳ್ಳುತ್ತಿದ್ದ ನರ್ಸಮ್ಮಂದಿರು, ಶಾಲೆಯ ಮೇಷ್ಟ್ರು, ಬೀಟ್ ಪೊಲೀಸರು ಓಡಿಸಿದ್ದು ಇದನ್ನೇ. ಅಂಚೆ ಇಲಾಖೆ ಇದರ ವ್ಯಾನನ್ನು ಕೊಂಡಾಗ, ತಗುಲಿದರೂ ನೆಗ್ಗದಿರಲಿ ಎಂದು ಮೊದಮೊದಲ ವ್ಯಾನುಗಳಿಗೆ ಮುಂದಿನ ಮಡ್‌ಗಾರ್ಡುಗಳನ್ನು ರಬ್ಬರಿನಲ್ಲೇ ಮಾಡಿಸಿಕೊಂಡಿತ್ತು. ಅಷ್ಟು ಸಾಮಾನ್ಯವಾದ, ದಿನದ ದುಡಿಮೆಗೆ ಒದಗಿದ ಗಾಡಿ ಇದು.

ಸಾಮಾನ್ಯವಾದದ್ದರಲ್ಲಿ ಬೆರಗು ಎಲ್ಲಿಂದ ಬರುತ್ತದೆ? ಬಾನೆಟ್ಟಿನಿಂದಲೇ ಶುರುಮಾಡಬಹುದು. ಈ ಕಾರನ್ನು ರೂಪಿಸಿದವರು ಅಲೆಕ್ ಇಸಿಗೋನಿಸ್. 1906ರಲ್ಲಿ ಸ್ಮರ್ನಾದಲ್ಲಿ, ಅಂದರೆ ಇಂದಿನ ಟರ್ಕಿಯ ಇಜ್ಮೀರಿನಲ್ಲಿ ಹುಟ್ಟಿ, ಯುದ್ಧದ ದೆಸೆಯಿಂದ ಊರು ಬಿಟ್ಟು ಹರೆಯದಲ್ಲಿ ಬ್ರಿಟನ್ನಿಗೆ ಬಂದವರು. ಮುಂದೆ 1959ರ ಮಿನಿ ಕಾರನ್ನು ರೂಪಿಸಿದವರೂ ಇವರೇ. ಮೈನರ್ ಇನ್ನೇನು ತಯಾರಿಕೆಗೆ ಹೋಗಬೇಕು ಎನ್ನುವಾಗ ಅದರ ಅಗಲ ಸಾಲದು ಎಂದು ಅವರಿಗೆ ಅನ್ನಿಸಿತು. ಮಾದರಿ ಕಾರನ್ನು ಉದ್ದಕ್ಕೆ, ಸರಿಯಾಗಿ ನಡುವೆ, ಎರಡು ಹೋಳಾಗಿ ಕೊಯ್ಯಿಸಿದರು. ಹೋಳುಗಳನ್ನು ದೂರ ಸರಿಸಿ, ಮತ್ತೆ ಹತ್ತಿರ ತಂದು, ನಿಂತು ನೋಡಿದರು. ನಾಲ್ಕು ಅಂಗುಲ ಅಗಲಿಸಿದಾಗ ಕಣ್ಣಿಗೆ ಹದವೆನಿಸಿತು. ಕಾರು ಅಷ್ಟು ಅಗಲವಾಯಿತು. ಇವತ್ತಿಗೂ ಯಾವ ಮೈನರನ್ನೇ ನೋಡಿ, ಬಾನೆಟ್ಟಿನ ನಟ್ಟನಡುವೆ ಅಷ್ಟಗಲದ ಒಂದು ಪಟ್ಟಿ ಮೂತಿಯಿಂದ ಗಾಜಿನ ಬುಡದವರೆಗೆ ಹೋಗುತ್ತದೆ. ಬಂಪರುಗಳು ಅಷ್ಟರಲ್ಲಾಗಲೇ ಹಳೆಯ ಅಳತೆಗೆ ತಯಾರಾಗಿ ಬಂದಿದ್ದರಿಂದ, ಮೊದಲ ಕಾರುಗಳಿಗೆ ಅವನ್ನೂ ನಡುವೆ ಕತ್ತರಿಸಿ ತುಂಡು ಸೇರಿಸಿ ಕೂರಿಸಿದರು.

ಇದು ಗೊತ್ತಿಲ್ಲದವರಿಗೆ ಆ ಪಟ್ಟಿ ಒಂದು ಅಲಂಕಾರ. ಗೊತ್ತಿದ್ದವರಿಗೆ ಅಲ್ಲಿ ಒಬ್ಬ ಮನುಷ್ಯನ ಅತೃಪ್ತಿ ಕಾಣುತ್ತದೆ, ಗರಗಸ ಕಾಣುತ್ತದೆ, ಸಾಕು ಇಷ್ಟೇ ಎಂದ ಗಟ್ಟಿ ತೀರ್ಮಾನ ಕಾಣುತ್ತದೆ. ಈ ಕಥೆ ಕೇಳಿದ ಮೇಲೆ ಆ ಬಾನೆಟ್ಟಿನ ಮೇಲೆ ಕೈಯಾಡಿಸದೆ ಮುಂದೆ ಹೋಗುವುದು ನನ್ನಿಂದಾಗಿಲ್ಲ.

ಇಂಥ ಪ್ರೀತಿಗಳ ಸುತ್ತ ಸಂಘ ಕಟ್ಟುವುದರಲ್ಲಿ ಬ್ರಿಟನ್ನಿನ ಜನ ಮೊದಲಿನಿಂದ ಪಳಗಿದವರು. ಡೇರೆ ಹಾಕುವ ಹವ್ಯಾಸಕ್ಕೆ ಅಲ್ಲಿ 1901ರಲ್ಲೇ ಸಂಘ ಹುಟ್ಟಿತು. ಥಾಮಸ್ ಹೈರಮ್ ಹೋಲ್ಡಿಂಗ್ ಎಂಬವರು ಸೈಕಲ್ಲಿಗೆ ಡೇರೆ ಕಟ್ಟಿಕೊಂಡು ಹೋಗುವವರನ್ನು ಸೇರಿಸಿ ಮಾಡಿದ ಆ ಸಂಘವೇ ಇಂದಿನ ಕ್ಯಾಂಪಿಂಗ್ ಅಂಡ್ ಕ್ಯಾರವಾನಿಂಗ್ ಕ್ಲಬ್. ಹಳೆಯ ಕಾರಿನ ಪ್ರೀತಿಗೂ ಅಲ್ಲಿ ಸಾಕಷ್ಟು ವಯಸ್ಸಾಗಿದೆ. 1896ರಲ್ಲಿ ಕಾನೂನು ಸಡಿಲಗೊಂಡು ಮೋಟಾರು ಗಾಡಿಗಳು ಗಂಟೆಗೆ 14 ಮೈಲಿ ವೇಗದಲ್ಲಿ ಹೋಗಬಹುದು ಎಂದಾದಾಗ, ಆ ಖುಷಿಗೆ ಲಂಡನ್ನಿನಿಂದ ಬ್ರೈಟನ್ನಿಗೆ ಒಂದು ಓಟ ನಡೆಯಿತು. 1927ರಲ್ಲಿ ಆ ಓಟದ ನೆನಪನ್ನು ಮತ್ತೆ ಎಬ್ಬಿಸಿದರು. ಅದರ ಬೆನ್ನಿಗೇ, 1930ರಲ್ಲಿ, ವೆಟರನ್ ಕಾರ್ ಕ್ಲಬ್ ಹುಟ್ಟಿತು. ಮೈನರಿನ ಒಡೆಯರ ಕ್ಲಬ್ಬು ಬಂದದ್ದು 1976ರಲ್ಲಿ, ಕಾರಿನ ತಯಾರಿಕೆ ನಿಂತ ಕೆಲವೇ ವರ್ಷಗಳಲ್ಲಿ. ಕಂಪನಿ ಕೈಬಿಟ್ಟ ಗಾಡಿಯನ್ನು ಜನ ಕೈಗೆತ್ತಿಕೊಂಡರು. ಇಂದು ಆ ದೇಶದ ಮೂಲೆಮೂಲೆಯಲ್ಲಿ ಅದರ ಶಾಖೆಗಳಿವೆ. ಚಳಿಗಾಲದಲ್ಲಿ ತಿಂಗಳಿಗೊಮ್ಮೆ ಪಬ್ಬಿನಲ್ಲಿ ಸೇರಿ ಹರಟುತ್ತಾರೆ. ಬೇಸಿಗೆ ಬಂತೆಂದರೆ ಡೇರೆ, ಒಲೆ, ಹಾಸಿಗೆ ಡಿಕ್ಕಿಗೆ ತುಂಬಿ ಹೊರಡುತ್ತಾರೆ.

ಕೆಲಸದ ಮೇಲೆ ಆ ದೇಶದಲ್ಲಿ ನೆಲೆಸಿದ ನನ್ನನ್ನು ಅಂಥದೊಂದು ಕೂಟಕ್ಕೆ ಮೊದಲು ಕರೆದೊಯ್ದವರು ನೆರೆಮನೆಯ ದಂಪತಿ. ಡರ್ಬಿಶೈರಿನ ಗುಡ್ಡಗಾಡು ಅದು. ಗಾರೆ ಹಾಕದೆ ಕಲ್ಲಿನ ಮೇಲೆ ಕಲ್ಲು ಪೇರಿಸಿದ ಗೋಡೆಗಳ ನಡುವೆ ಕುರಿಗಳ ಗೋಮಾಳ. ಒಬ್ಬ ರೈತ ಆ ಎರಡು ರಾತ್ರಿಗೆ ಕುರಿಗಳನ್ನು ಪಕ್ಕದ ಹೊಲಕ್ಕೆ ಅಟ್ಟಿ ಜಾಗ ಬಿಟ್ಟುಕೊಟ್ಟಿದ್ದ. ಶುಕ್ರವಾರ ಸಂಜೆಯಿಂದ ಗಾಡಿಗಳು ಒಂದೊಂದಾಗಿ ಬರತೊಡಗಿದವು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಮೈನರಿನ ಸೈಲೆನ್ಸರಿನಿಂದ ಹೊರಡುವ ಪುರ್ರೆನ್ನುವ ಸದ್ದು ಬೇರೆ ಯಾವ ಕಾರಿಗೂ ಇಲ್ಲ. ಗಾಡಿ ತಿರುವಿನಲ್ಲಿ ಕಾಣಿಸುವ ಮೊದಲೇ ಆ ಸದ್ದು ಕೇಳಿ, ಮೈದಾನದಲ್ಲಿ ಕೂತವರು ಯಾರು ಬಂದರು ಎಂದು ಹೇಳುತ್ತಿದ್ದರು.

ಬಂದವರನ್ನು ಅಲ್ಲಿ ಯಾರೂ ಏನು ಕೆಲಸ, ಎಷ್ಟು ಸಂಬಳ ಎಂದು ಕೇಳಲಿಲ್ಲ. ಗಾಡಿ ಯಾವ ವರ್ಷದ್ದು, ಎಂಜಿನ್ ಮೊದಲಿನದೇ ಇದೆಯಾ, ದಾರಿಯಲ್ಲಿ ಬಿಸಿಯಾಯಿತಾ ಎಂದು ಕೇಳಿದರು. ಡೇರೆಯ ಗೂಟ ಹೊಡೆಯಲು ಇಬ್ಬರು ಕೇಳದೆಯೇ ಬಂದರು. ಒಬ್ಬರು ಚಹಾದ ಬಟ್ಟಲು ಹಿಡಿದು ನಿಂತರು. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದವರೂ ಲಾರಿ ಓಡಿಸಿ ನಿವೃತ್ತರಾದವರೂ ಒಂದೇ ಬಾನೆಟ್ಟಿನ ಮೇಲೆ ಬಾಗಿ ನಿಂತಿದ್ದನ್ನು ಅಲ್ಲಿ ಕಂಡೆ. ಅವರಿಬ್ಬರಲ್ಲಿ ಯಾರು ಯಾರೆಂದು ಗೊತ್ತಾದದ್ದು ಮರುದಿನ, ಅದೂ ಯಾವುದೋ ಮಾತಿಗೆ ಬಂದು. ಎದುರಿಗಿರುವ ವಸ್ತು ಇಬ್ಬರನ್ನೂ ಒಟ್ಟಿಗೆ ಸೆಳೆದಾಗ, ಒಬ್ಬರನ್ನೊಬ್ಬರು ಅಳೆಯುವುದಕ್ಕೆ ಬಿಡುವೇ ಇರುವುದಿಲ್ಲ.

ಕಾರುಗಳ ಪ್ರದರ್ಶನಕ್ಕೂ ಈ ಕ್ಯಾಂಪಿಗೂ ತುಂಬ ವ್ಯತ್ಯಾಸವಿದೆ. ಪ್ರದರ್ಶನದಲ್ಲಿ ಕಾರು ಮಿರಮಿರ ಮಿಂಚುತ್ತದೆ, ಸುತ್ತ ಹಗ್ಗ ಕಟ್ಟಿರುತ್ತಾರೆ, ಮುಟ್ಟಬೇಡಿ ಎಂಬ ಬೋರ್ಡು ಇರುತ್ತದೆ. ಇಲ್ಲಿ ಕಾರೇ ಮನೆ. ಗಾಳಿಗೆ ಅಡ್ಡವಾಗಿ ಅದನ್ನು ನಿಲ್ಲಿಸಿ ಪಕ್ಕದಲ್ಲಿ ಒಲೆ ಹಚ್ಚುತ್ತಾರೆ, ಬಾಗಿಲಿಗೆ ಒದ್ದೆ ಟವೆಲ್ ಹಾಕುತ್ತಾರೆ, ಹಿಂದಿನ ಸೀಟಿನಲ್ಲಿ ಮಕ್ಕಳು ನಿದ್ದೆ ಹೋಗುತ್ತಾರೆ. ಟ್ರಾವೆಲರ್ ಎಂಬ ಮಾದರಿಯಲ್ಲಿ ಸೀಟು ಮಡಚಿ ಹಾಸಿಗೆ ಹಾಸಿಕೊಳ್ಳುವವರೂ ಉಂಟು. ಆ ಟ್ರಾವೆಲರಿನ ಹಿಂಭಾಗದ ಚೌಕಟ್ಟು ಆ್ಯಶ್ ಮರದ್ದು. ನೋಡಲು ಚೆಂದವೆಂದು ಅಂಟಿಸಿದ್ದಲ್ಲ, ಗಾಡಿಯ ಬೆನ್ನಿನ ಭಾರ ಹೊರುವುದೇ ಆ ಮರ. ಅದು ಕೊಳೆತರೆ ಗಾಡಿ ರಸ್ತೆಗೆ ಯೋಗ್ಯವಲ್ಲ. ಅದಕ್ಕೇ ವರ್ಷವರ್ಷ ಮರ ಉಜ್ಜಿ ವಾರ್ನಿಷ್ ಬಳಿಯುತ್ತಾರೆ. ಕಿಟಕಿಯ ಕೆಳಗಿನ ಸಂದಿನಲ್ಲಿ ನೀರು ನಿಂತು ಹಸಿರು ಪಾಚಿ ಹಿಡಿಯುತ್ತದೆ. ಒಬ್ಬ ಹೆಂಗಸು ಶನಿವಾರ ಬೆಳಿಗ್ಗೆ ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಆ ಪಾಚಿ ತೆಗೆಯುತ್ತ ಕೂತಿದ್ದರು. ಕಾರಿನಲ್ಲಿ ಗಿಡ ಬೆಳೆಯುತ್ತದೆಂದರೆ ನನಗೆ ನಂಬಿಕೆ ಬರಲಿಲ್ಲ. ಕರೆದು ತೋರಿಸಿದರು. ಬೆರಳಿನ ತುದಿಯಷ್ಟು ಜಾಗದಲ್ಲಿ ಕಡುಹಸಿರು ಮೊಳೆತಿತ್ತು. ಒಮ್ಮೆ ಕಾಡಿನಲ್ಲಿ ನಿಂತಿದ್ದ ಮರ ತಾನು ಮರವೆಂಬುದನ್ನು ಕಾರಾದ ಮೇಲೂ ಬಿಟ್ಟಿಲ್ಲ ಎಂದು ಆಗ ಅನ್ನಿಸಿತು.

ಬೆಳಗಿನ ಹೊತ್ತು ಆ ಮೈದಾನದಲ್ಲಿ ಕಿವಿಗೆ ಹಬ್ಬ. ಕೀಲಿ ತಿರುಗಿಸಿದೊಡನೆ ಮೈನರ್ ಎಂಜಿನ್ ಏಳುವುದಿಲ್ಲ. ಮೊದಲು ಬಾನೆಟ್ಟಿನೊಳಗಿಂದ ಟಿಕ್ ಟಿಕ್ ಟಿಕ್ ಎಂದು ಸದ್ದು ಬರುತ್ತದೆ. ಹಿಂದಿನ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ವಿದ್ಯುತ್ ಪಂಪು ಅದು. ಕಾರ್ಬ್ಯುರೇಟರಿನ ಬಟ್ಟಲು ತುಂಬುತ್ತ ಬಂದಂತೆ ಟಿಕ್ ನಿಧಾನವಾಗುತ್ತದೆ. ಬಟ್ಟಲು ತುಂಬಿ ತೇಲುಬುರುಡೆ ಮೇಲೆದ್ದು ದಾರಿ ಮುಚ್ಚಿತೆಂದರೆ ಸದ್ದು ನಿಂತುಹೋಗುತ್ತದೆ. ಆಮೇಲೆ ಚೋಕ್ ಎಳೆಯಬೇಕು, ಸೆಲ್ಫ್ ಹೊಡೆಯಬೇಕು. ಬಲ್ಲವರಿಗೆ ಆ ಟಿಕ್ ಟಿಕ್ ಒಂದು ವರದಿ. ನಿಲ್ಲದೆ ಹೊಡೆದುಕೊಳ್ಳುತ್ತಿದ್ದರೆ ಟ್ಯಾಂಕ್ ಬರಿದಾಗಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ನಿಂತದ್ದು ಸ್ವಲ್ಪ ಹೊತ್ತಿಗೆ ಮತ್ತೆ ಒಂದೆರಡು ಬಾರಿ ಹೊಡೆದರೆ ಬಟ್ಟಲಿನ ಸೂಜಿ ಸರಿಯಾಗಿ ಕೂರುತ್ತಿಲ್ಲ. ಕೇಳಲು ಕಲಿಯದ ಕಿವಿಗೆ ಅದು ಬರೀ ಸದ್ದು, ಕಲಿತ ಕಿವಿಗೆ ಗಾಡಿ ಮಾತಾಡುತ್ತಿರುತ್ತದೆ.

ಆ ಶನಿವಾರ ಮಧ್ಯಾಹ್ನ ನಡೆದದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕ್ಲಬ್ಬಿಗೆ ಹೊಸದಾಗಿ ಸೇರಿದ್ದ ಒಬ್ಬ ಯುವತಿಯ ಗಾಡಿ ದಾರಿಯುದ್ದಕ್ಕೂ ಕೆಮ್ಮುತ್ತ ಬಂದಿತ್ತು. ಅಜ್ಜಿ ಬಿಟ್ಟುಹೋದ ಗಾಡಿ ಅದು. ಮಾರಿಬಿಡೋಣವೇ ಎಂಬ ಯೋಚನೆಯಲ್ಲಿದ್ದಳು. ಎಪ್ಪತ್ತು ದಾಟಿದ ಹಿರಿಯರೊಬ್ಬರು ಬಂದು ಎಂಜಿನ್ ಸದ್ದನ್ನು ಒಂದಿಷ್ಟು ಹೊತ್ತು ಕೇಳಿ, ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆಯಲು ಹೇಳಿದರು. ತಾವು ಕೈ ಹಾಕಲಿಲ್ಲ. ಒಳಗೆ ಚಿಕ್ಕ ಉಗುರಿನಷ್ಟಗಲದ ಎರಡು ಲೋಹದ ತುದಿಗಳು. ನಮ್ಮೂರ ಮೆಕ್ಯಾನಿಕ್ಕುಗಳು ಪಾಯಿಂಟ್ ಎನ್ನುತ್ತಾರಲ್ಲ, ಅವೇ. ಪೂರ್ತಿ ತೆರೆದಾಗ ಅವುಗಳ ನಡುವೆ ಇರಬೇಕಾದ ಸಂದು ಒಂದು ಅಂಗುಲದ ಸಾವಿರದಲ್ಲಿ ಹದಿನೈದು ಪಾಲು, ಅಂದರೆ ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ. ಆ ದಪ್ಪದ ಉಕ್ಕಿನ ತೆಳು ಪಟ್ಟಿಯನ್ನು ಅವರು ಅವಳ ಕೈಗೆ ಕೊಟ್ಟು ಸಂದಿನಲ್ಲಿ ತೂರಿಸಿ ಎಳೆಯಲು ಹೇಳಿದರು.

“ಎಷ್ಟು ಬಿಗಿ ಇರಬೇಕು?” ಎಂದು ಅವಳು ಕೇಳಿದಳು.

“ಹಿಡಿಯಬೇಕು, ಆದರೆ ಸಿಕ್ಕಿಕೊಳ್ಳಬಾರದು. ನಿನ್ನ ಬೆರಳಿಗೇ ಗೊತ್ತಾಗುತ್ತೆ.”

ನನಗೆ ಅಡುಗೆಮನೆಯ ಸಕ್ಕರೆ ಪಾಕ ನೆನಪಾಯಿತು. ಒಂದೆಳೆ ಪಾಕ ಬಂದಿದೆಯೇ ಎಂದು ಅಮ್ಮ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಚ್ಚಿ ನೋಡುತ್ತಿದ್ದದ್ದು ಇದೇ ಬಗೆಯ ಲೆಕ್ಕ. ಬಾಯಲ್ಲಿ ಹೇಳಿ ಕಲಿಸಲಾಗದು, ಪಕ್ಕದಲ್ಲಿ ನಿಂತು ಬೆರಳಿನಿಂದಲೇ ಕಲಿಯಬೇಕು. ಯುವತಿ ಸ್ಕ್ರೂ ಸಡಿಲಿಸಿದಳು, ಸರಿಸಿದಳು, ಬಿಗಿ ಮಾಡಿದಳು, ಎಳೆದು ನೋಡಿದಳು, ಮತ್ತೆ ಸಡಿಲಿಸಿದಳು. ಹಿರಿಯರು ಅವಸರಪಡಿಸಲಿಲ್ಲ. ಕೈಕೆಲಸ ನಡೆಯುತ್ತಿದ್ದಾಗಲೇ ಅದರ ಅರ್ಥ ಹೇಳುತ್ತ ಹೋದರು. ಈ ಎರಡು ತುದಿ ಸೇರಿದ್ದಾಗ ಕಾಯಿಲಿನೊಳಗೆ ಕರೆಂಟು ಹರಿದು ಕಾಂತಕ್ಷೇತ್ರ ಕಟ್ಟಿಕೊಳ್ಳುತ್ತದೆ. ತುದಿಗಳು ಬೇರೆಯಾದಾಗ ಆ ಕ್ಷೇತ್ರ ಒಮ್ಮೆಲೇ ಕುಸಿಯುತ್ತದೆ. ಆ ಕುಸಿತದ ಬಲಕ್ಕೇ ಬ್ಯಾಟರಿಯ 12 ವೋಲ್ಟು ಸಾವಿರಾರು ವೋಲ್ಟಾಗಿ ಜಿಗಿದು ಪ್ಲಗ್ಗಿನಲ್ಲಿ ಕಿಡಿಯಾಗುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಈ ತುದಿಗಳು 6,000 ಸಲ ತೆರೆದು ಮುಚ್ಚುತ್ತವೆ. ಸೆಕೆಂಡಿಗೆ ನೂರು ಕಿಡಿ, ಗಂಟೆಗೆ 3,60,000. ಒಂದೊಂದು ಕಿಡಿಯೂ ತನ್ನ ಸಿಲಿಂಡರಿಗೆ, ತನ್ನ ಹೊತ್ತಿಗೆ ಸರಿಯಾಗಿ ಬೀಳಬೇಕು.

ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿದಾಗ ಗಾಡಿ ಒಂದೇ ಸಮನೆ ಗುನುಗಿತು. ಅವಳು ಸೀಟಿನಿಂದ ಇಳಿದು ಬಂದು ಬಾನೆಟ್ಟಿನೊಳಗೆ ನೋಡುತ್ತ ನಿಂತಳು. “ಸೆಕೆಂಡಿಗೆ ನೂರಾ?” ಎಂದಳು.

ಈ ಪ್ರಸಂಗವನ್ನು ನಾನು ಆಮೇಲೆ ಎಷ್ಟೋ ಸಲ ಮನಸ್ಸಿನಲ್ಲಿ ತಿರುವಿ ನೋಡಿದ್ದೇನೆ. ಬೆರಗು ಅಜ್ಞಾನದ ಮಗುವಾಗಿದ್ದರೆ, ಬೆಳಿಗ್ಗೆ ಗಾಡಿ ಯಾಕೆ ಕೆಮ್ಮುತ್ತಿದೆ ಎಂದು ತಿಳಿಯದಿದ್ದಾಗಲೇ ಅವಳಿಗೆ ಅದು ಆಗಬೇಕಿತ್ತು. ಆಗ ಅವಳಲ್ಲಿದ್ದದ್ದು ಕಿರಿಕಿರಿ, ಜೊತೆಗೆ ಒಂದಿಷ್ಟು ಭಯ. ಬೆರಗು ಬಂದದ್ದು ತಿಳಿದ ಮೇಲೆ, ಅದೂ ತನ್ನ ಬೆರಳೇ ಆ ಸಂದನ್ನು ಹೊಂದಿಸಿದ ಮೇಲೆ. ಗೊತ್ತಿಲ್ಲದ್ದರ ಮುಂದೆ ನಾವು ಸುಮ್ಮನೆ ಬೆಚ್ಚುತ್ತೇವೆ, ಇಲ್ಲವೇ ಗಮನಿಸದೆ ದಾಟಿಹೋಗುತ್ತೇವೆ. ಒಳಹೊಕ್ಕು ನೋಡಿದಾಗ ಇಷ್ಟೊಂದು ಸೂಕ್ಷ್ಮಗಳು ಒಟ್ಟಿಗೆ ಕೂಡಿಬಂದು ಕೆಲಸ ಮಾಡುತ್ತಿವೆಯಲ್ಲ ಎಂದು ಮನಸ್ಸು ತುಂಬುತ್ತದೆ. ಮೊದಲನೆಯದು ಮುಗಿದುಹೋಗುವ ಅಚ್ಚರಿ. ಎರಡನೆಯದು ಕೆದಕಿದಷ್ಟೂ ಊರುವ ಬೆರಗು. ಆ ಹಿರಿಯರು ಪಾಯಿಂಟ್ ಹೊಂದಿಸುತ್ತ ಐವತ್ತು ವರ್ಷ ಕಳೆದಿರಬಹುದು. ಗಂಟೆಗೆ ಮೂರು ಲಕ್ಷ ಅರವತ್ತು ಸಾವಿರ ಎಂದು ಹೇಳುವಾಗ ಅವರ ದನಿ ಕೂಡ ಏರಿತ್ತು.

ಇಂದಿನ ಕಾರನ್ನು ಹಳಿಯುವುದಕ್ಕೆ ಇದನ್ನು ಹೇಳುತ್ತಿಲ್ಲ. ಮೈನರಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಏರ್‌ಬ್ಯಾಗಿನ ಮಾತೇ ಇಲ್ಲ. ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಗೆ ಹೋಗುವಾಗ ಹೊಸ ಕಾರಿನ ಬೆಲೆ ಗೊತ್ತಾಗುತ್ತದೆ. ಹೊಸ ಕಾರಿನೊಳಗಿನ ಜಾಣ್ಮೆ ಮೈನರಿಗಿಂತ ಎಷ್ಟೋ ಪಟ್ಟು ದೊಡ್ಡದು. ಆದರೆ ಆ ಜಾಣ್ಮೆಗೆ ನಮ್ಮ ಮನಸ್ಸು ಒಳಹೋಗುವ ಬಾಗಿಲು ಕಾಣುವುದಿಲ್ಲ. ಬಾನೆಟ್ ಎತ್ತಿದರೆ ಕಪ್ಪು ಪ್ಲಾಸ್ಟಿಕ್ಕಿನ ಮುಚ್ಚಳ. ಎಲ್ಲವೂ ಸುಮ್ಮನೆ ನಡೆಯುತ್ತದೆ, ನಾವೂ ಸುಮ್ಮನೆ ಕೂತಿರುತ್ತೇವೆ. ಅದ್ಭುತದ ನಡುವೆ ಇದ್ದೂ ಅದ್ಭುತ ಕಾಣದೆ ಬದುಕುವ ಈ ಕಾಲದಲ್ಲಿ, ತೆರೆದು ತೋರಿಸುವ ಒಂದು ಹಳೆಯ ಯಂತ್ರ ನಮ್ಮ ಕಣ್ಣನ್ನು ಪಳಗಿಸುತ್ತದೆ. ಕಿಡಿಯ ಲೆಕ್ಕ ಒಮ್ಮೆ ಮನಸ್ಸಿಗಿಳಿದರೆ, ಮುಚ್ಚಿದ ಯಂತ್ರದ ಒಳಗೂ ಯಾರೋ ಹೀಗೆ ಕೂದಲೆಳೆ ಅಳೆದಿದ್ದಾರೆ ಎಂಬ ಗೌರವ ಹುಟ್ಟುತ್ತದೆ.

ಒಬ್ಬನೇ ಕೂತು ಪುಸ್ತಕ ಓದಿಯೂ ಪಾಯಿಂಟ್ ಹೊಂದಿಸಬಹುದಲ್ಲ, ಕೂಟ ಯಾಕೆ, ಡೇರೆ ಯಾಕೆ ಎಂದು ಕೇಳಬಹುದು. ಈ ತಿಳಿವಳಿಕೆಗೆ ಬಿಡುವು ಬೇಕು. ಗ್ಯಾರೇಜಿಗೆ ಗಾಡಿ ಬಿಟ್ಟರೆ ಸಂಜೆ ಬಿಲ್ಲು ಬರುತ್ತದೆ, ವಿವರಣೆ ಬರುವುದಿಲ್ಲ. ಕ್ಯಾಂಪಿನಲ್ಲಿ ಎರಡು ರಾತ್ರಿ ಯಾರಿಗೂ ಹೋಗಬೇಕಾದ ಕಡೆಯೇ ಇಲ್ಲ. ಇಂಗ್ಲೆಂಡಿನ ಬೇಸಿಗೆಯೆಂದರೆ ಮಳೆ ಇದ್ದದ್ದೇ. ಮಳೆ ಬಂದರೆ ನಾಲ್ಕು ಸಂಸಾರ ಒಂದೇ ಡೇರೆಯ ಚಪ್ಪರದಡಿ ಕುರ್ಚಿ ಎಳೆದುಕೊಳ್ಳುತ್ತವೆ. ಆಗ ಮಾತು ಹೊರಡುತ್ತದೆ. ಮುಂದಿನ ಚಕ್ರದ ಕೀಲುಗಳಿಗೆ ಹೊತ್ತುಹೊತ್ತಿಗೆ ಗ್ರೀಸ್ ಹೊಡೆಯದಿದ್ದರೆ ಒಂದು ದಿನ ಚಕ್ರವೇ ಕುಸಿದು ಕೂರುತ್ತದೆ ಎಂಬ ಎಚ್ಚರಿಕೆ ಒಬ್ಬರದು. 1999ರ ಕೊನೆಗೆ ಬ್ರಿಟನ್ನಿನ ಬಂಕುಗಳಲ್ಲಿ ಸೀಸ ಬೆರೆತ ಪೆಟ್ರೋಲ್ ನಿಂತಾಗ ವಾಲ್ವ್ ಸೀಟುಗಳನ್ನು ಗಟ್ಟಿ ಲೋಹದವಕ್ಕೆ ಬದಲಾಯಿಸಿಕೊಂಡ ಕಥೆ ಇನ್ನೊಬ್ಬರದು. 2021ರಲ್ಲಿ ನೂರಕ್ಕೆ ಹತ್ತು ಪಾಲಿನವರೆಗೆ ಎಥೆನಾಲ್ ಬೆರೆಸಿದ ಪೆಟ್ರೋಲ್ ಬಂದ ಮೇಲೆ ಹಳೆಯ ರಬ್ಬರ್ ಪೈಪು ಮೆತ್ತಗಾಗುವ ಚಿಂತೆ ಎಲ್ಲರದು. ಯಾವ ಕಂಪನಿಯೂ ಹೊಣೆ ಹೊರದ ಒಂದು ವಸ್ತುವಿನ ಅಷ್ಟೂ ನೆನಪನ್ನು ಈ ಜನ ಹಂಚಿಕೊಂಡು ಹೊತ್ತಿದ್ದಾರೆ. ಒಬ್ಬರ ತಲೆಯಲ್ಲಿ ಅದು ಹಿಡಿಯುವುದೂ ಇಲ್ಲ, ಒಬ್ಬರ ಜೊತೆ ಅಳಿಯುವುದೂ ಇಲ್ಲ.

ನೆನಪು ಮಾತ್ರವಲ್ಲ, ಬಿಡಿಭಾಗಗಳೂ ಹೀಗೇ ಉಳಿದಿವೆ. 1970ರ ದಶಕದಲ್ಲಿ ಚಾರ್ಲ್ಸ್ ವೇರ್ ಎಂಬವರು ಬಾತ್ ನಗರದಲ್ಲಿ ಮೈನರುಗಳ ದುರಸ್ತಿಗೇ ಒಂದು ಕೇಂದ್ರ ತೆರೆದರು. ಸರಿಯಾಗಿ ನೋಡಿಕೊಂಡರೆ ಒಂದು ಕಾರು ಮನುಷ್ಯನ ಜೀವಮಾನವಿಡೀ ಬಾಳಬಲ್ಲದು, ಹೊಸತು ಕೊಳ್ಳುವುದಕ್ಕಿಂತ ಅದೇ ಲಾಭ ಎಂದು ವಾದಿಸಿ ಪುಸ್ತಕವನ್ನೇ ಬರೆದರು. ಮುಂದೆ 1990ರ ದಶಕದಲ್ಲಿ ಅವರ ಸಹಭಾಗಿತ್ವದಲ್ಲಿ ಮೈನರಿನ ತಗಡಿನ ಭಾಗಗಳು ಶ್ರೀಲಂಕಾದಲ್ಲಿ ತಯಾರಾಗತೊಡಗಿದವು. ಆ ದ್ವೀಪದಲ್ಲಿ ಆಗಲೂ ಮೈನರುಗಳು ದಿನನಿತ್ಯ ಓಡುತ್ತಿದ್ದವು, ತಗಡು ಬಡಿದು ಆಕಾರಕ್ಕೆ ತರುವ ಕೈಗಳೂ ಇದ್ದವು. ಆಕ್ಸ್‌ಫರ್ಡಿನ ಮಗ್ಗುಲಲ್ಲಿ ಹುಟ್ಟಿದ ಕಾರಿಗೆ ಸಿಂಹಳದ ಕುಶಲಕರ್ಮಿಗಳು ಹೊಸ ಮೈ ಕೊಟ್ಟರು.

ಶನಿವಾರ ರಾತ್ರಿ ಊಟದ ಹೊತ್ತಿಗೆ ಒಬ್ಬರು ನನ್ನ ಪಕ್ಕ ಕೂತು ಮೊದಲು ಕೇಳಿದ್ದೇ ಅಂಬಾಸಿಡರ್ ಬಗ್ಗೆ. ಅದು ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ಅಚ್ಚಿನಿಂದ ಬಂದದ್ದು, ಅದೂ ಕೌಲಿಯ ಕೂಸೇ ಎಂದು ಅವರಿಗೆ ಗೊತ್ತಿತ್ತು. ಇಂಗ್ಲೆಂಡಿನಲ್ಲಿ ಕೆಲವೇ ವರ್ಷ ತಯಾರಾಗಿ ನಿಂತ ಆ ಮಾದರಿ ನಮ್ಮಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ, ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆಯಿಂದ ಹೊರಬರುತ್ತಲೇ ಇತ್ತು. ಅದಕ್ಕೂ ಮೊದಲು ಹಿಂದೂಸ್ತಾನ್ ಮೋಟಾರ್ಸ್ ಮೈನರನ್ನೇ ಬೇಬಿ ಹಿಂದೂಸ್ತಾನ್ ಎಂಬ ಹೆಸರಿನಲ್ಲಿ ಮಾರಿತ್ತು. ಮದುವೆ ದಿಬ್ಬಣಕ್ಕೆ ಹೂ ಕಟ್ಟಿಸಿಕೊಂಡ ಅಂಬಾಸಿಡರ್, ಜಿಲ್ಲಾಧಿಕಾರಿಗಳ ಬಿಳಿ ಅಂಬಾಸಿಡರ್, ಮುಂದಿನ ಸೀಟಿನಲ್ಲೇ ಮೂವರನ್ನು ಕೂರಿಸಿಕೊಂಡು ಘಾಟಿ ಹತ್ತಿದ ಬಾಡಿಗೆ ಅಂಬಾಸಿಡರ್, ಎಲ್ಲವನ್ನೂ ಹೇಳಿದೆ. ಘಾಟಿಯ ನಡುವೆ ರೇಡಿಯೇಟರ್ ಕುದಿದು, ಬಾನೆಟ್ ಎತ್ತಿ, ಝರಿಯ ನೀರು ತಂದು ಹೊಯ್ಯುವಾಗ ನಾವು ಮಕ್ಕಳೆಲ್ಲ ಡ್ರೈವರಣ್ಣನ ಸುತ್ತ ನೆರೆದು ಒಳಗೆ ಇಣುಕುತ್ತಿದ್ದದ್ದನ್ನೂ ಹೇಳಿದೆ. ಯಂತ್ರದ ಹೊಟ್ಟೆಯನ್ನು ನಾವು ಮೊದಲು ಕಂಡದ್ದು ಆಗಲೇ. ಅವರು ತಲೆದೂಗಿ ಕೇಳಿದರು. ನಮ್ಮಿಬ್ಬರ ಬಾಲ್ಯದ ನಡುವೆ ಸಮುದ್ರಗಳಿದ್ದವು, ಇಣುಕಿ ನೋಡಿದ ಎಂಜಿನ್ನುಗಳು ಮಾತ್ರ ದಾಯಾದಿಗಳಾಗಿದ್ದವು.

ನಮ್ಮಲ್ಲೂ ಈ ಪ್ರೀತಿಗೆ ಕೊರತೆಯಿಲ್ಲ. ಬೆಂಗಳೂರು, ಮೈಸೂರುಗಳಲ್ಲಿ ಹಳೆಯ ಕಾರುಗಳ ಒಡೆಯರು ಸಂಘ ಕಟ್ಟಿಕೊಂಡು ಸೇರುತ್ತಾರೆ. ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಕಾರುಗಳ ಮುಂದೆ ಯಾತ್ರಿಕರು ದರ್ಶನ ಮುಗಿಸಿ ಬಂದು ನಿಲ್ಲುತ್ತಾರೆ. 2021ರಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ ವಾಹನಗಳಿಗೆಂದೇ ನಿಯಮ ತಂದು, ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಗುರುತನ್ನೂ ಕೊಟ್ಟಿತು. ಇದೆಲ್ಲ ಸಂತೋಷದ ಸಂಗತಿ. ಇದರ ಜೊತೆಗೆ ಆ ಡೇರೆಗಳ ಕೂಟದ ಒಂದು ಗುಣವೂ ನಮ್ಮಲ್ಲಿ ಬೆಳೆದರೆ ಎಷ್ಟು ಚೆನ್ನ ಎಂದು ನನ್ನ ಆಸೆ. ಬಲ್ಲವರು ಮುಚ್ಚಳ ತೆರೆದಿಟ್ಟು, ಅಳತೆಯ ಪಟ್ಟಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು, ಅವಸರಪಡಿಸದೆ ಪಕ್ಕದಲ್ಲಿ ನಿಲ್ಲುವ ಗುಣ.

ಅದಕ್ಕೆ ಬೇಕಾದ ಹಬ್ಬ ನಮ್ಮಲ್ಲಾಗಲೇ ಇದೆ. ಆಯುಧಪೂಜೆಯ ದಿನ ಗಾಡಿ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದು, ಚಕ್ರದಡಿ ನಿಂಬೆಹಣ್ಣು ಇಟ್ಟು ಮುಂದಕ್ಕೆ ಉರುಳಿಸುತ್ತೇವೆ. ಯಂತ್ರಕ್ಕೆ ಕೈಮುಗಿಯುವ ಜನ ನಾವು. ಆ ಕೈಮುಗಿಯುವುದರ ಬೆನ್ನಿಗೇ ಬಾನೆಟ್ ಎತ್ತಿ ಮನೆಯ ಮಕ್ಕಳನ್ನು ಹತ್ತಿರ ಕರೆಯೋಣ. ಹೊಸ ಗಾಡಿಯಾದರೂ ಬ್ಯಾಟರಿ ಎಲ್ಲಿದೆ, ನೀರು ಎಲ್ಲಿ ಸುತ್ತುತ್ತದೆ, ಆಯಿಲ್ ಯಾಕೆ ಬೇಕು ಎಂದಾದರೂ ತೋರಿಸಬಹುದು. ಮನೆಯಲ್ಲೊಂದು ಹಳೆಯ ಸ್ಕೂಟರಿದ್ದರೆ ಪ್ಲಗ್ ಬಿಚ್ಚಿ ಕಿಡಿ ಹುಟ್ಟುವ ಜಾಗ ತೋರಿಸಬಹುದು. ನಮಗೆ ಗೊತ್ತಿಲ್ಲದ್ದಿದ್ದರೆ ಬೀದಿಯ ಮೆಕ್ಯಾನಿಕ್ ಅಣ್ಣನನ್ನು ಹಬ್ಬದ ಊಟಕ್ಕೆ ಕರೆದು ಮಕ್ಕಳ ಮುಂದೆ ಅವರಿಂದಲೇ ಹೇಳಿಸಬಹುದು. ಮಕ್ಕಳು ಕೇಳುವ ಪ್ರಶ್ನೆಗಳಿಗೆ ಉತ್ತರ ಸಿಕ್ಕಷ್ಟೂ ಅವರ ಕಣ್ಣು ಅರಳುತ್ತದೆ. ಹಾಗೆ ಅರಿತು ಕೈಮುಗಿದ ಮಗುವಿನ ಬೆರಗು, ಆ ಮಗು ಬೆಳೆದು ದೊಡ್ಡದಾದ ಮೇಲೂ ಕರಗುವುದಿಲ್ಲ.